ಪ್ರಾಥಮಿಕ ಶಾಲೆಗಳೂ ಹೊಸ ಯಂತ್ರಗಳೂ

ಕಳೆದ ತಿಂಗಳು ನಮ್ಮ ಪಟ್ಟಣಕ್ಕೆ ಎರಡು ಹರಿದಾರಿ ದೂರದಲ್ಲಿರುವ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ‘ಸ್ಮಾರ್ಟ್ ಕ್ಲಾಸ್’ ಎಂಬ ಹೊಸ ಏರ್ಪಾಡಿನ ಪ್ರಾರಂಭೋತ್ಸವವು ವಿಜೃಂಭಣೆಯಿಂದ ನೆರವೇರಿತು. ಆಹ್ವಾನಿತರಾಗಿ ನಾವೂ ಹೋಗಿದ್ದೆವು. ಬಾಗಿಲಿಗೆ ಮಾವಿನ ತೋರಣ, ಗೋಡೆಗೆ ಹೊಳೆಯುವ ದೊಡ್ಡ ಪರದೆ, ಮುಂದಿನ ಸಾಲಿನಲ್ಲಿ ದಾನಿಗಳು ಮತ್ತು ಅಧಿಕಾರಿಗಳು, ಹಿಂದೆ ನೆಲದ ಮೇಲೆ ಮಕ್ಕಳು. ಭಾಷಣಕಾರರೊಬ್ಬರು, ಇನ್ನು ಮೇಲೆ ಹಳ್ಳಿಯ ಮಕ್ಕಳು ಯಾವ ಉಪಾಧ್ಯಾಯರ ದಾರಿಯನ್ನೂ ಕಾಯಬೇಕಾಗಿಲ್ಲವೆಂದೂ, ಲೋಕದ ವಿದ್ಯೆಯೆಲ್ಲವೂ ಈ ಗೋಡೆಯ ಮೇಲೆ ತಾನಾಗಿ ಮೂಡಿಬರುವುದೆಂದೂ ಅಪ್ಪಣೆ ಕೊಡಿಸಿದರು. ಸಭೆಯು ಕರತಾಡನ ಮಾಡಿತು. ಎಲ್ಲರೂ ಹೊರಟುಹೋದ ಬಳಿಕ ಮುಖ್ಯೋಪಾಧ್ಯಾಯಿನಿಯವರು ನಮ್ಮೊಡನೆ ಮೆಲ್ಲಗೆ ಹೇಳಿದ ಮಾತು ಬೇರೆಯಾಗಿತ್ತು. “ಸಾರ್, ಒಂದರಿಂದ ಐದರವರೆಗೆ ನಲವತ್ತೆರಡು ಮಕ್ಕಳಿದ್ದಾರೆ. ಎರಡು ವರ್ಷದಿಂದ ಒಂದು ಹುದ್ದೆ ಖಾಲಿ. ನಾನೊಬ್ಬಳೇ. ಈ ಬೋರ್ಡು ಹಚ್ಚಿದರೆ ಮಕ್ಕಳು ಸುಮ್ಮನೆ ಕೂತಿರುತ್ತಾರೆ, ನಿಜ. ಸುಮ್ಮನೆ ಕೂತರೆ ಕಲಿತ ಹಾಗಾಯಿತೇ?”

ಆ ಪ್ರಶ್ನೆಯನ್ನು ನಾವು ಅಂದಿನಿಂದ ಮನಸ್ಸಿನಲ್ಲಿ ಇಟ್ಟುಕೊಂಡಿರುವೆವು. ಇಂದು ದೇಶದಾದ್ಯಂತ ಸರ್ಕಾರದವರೂ, ಧರ್ಮದರ್ಶಿಗಳೂ, ದೊಡ್ಡ ಕಂಪನಿಗಳವರೂ ಶಾಲೆಗಳಿಗೆ ಗಣಕಯಂತ್ರ, ಟ್ಯಾಬ್ಲೆಟ್ಟು, ಪರದೆಗಳನ್ನು ಕೊಡುತ್ತಿರುವರು. ಭಾರತ ಸರ್ಕಾರದ ಶಾಲಾ ಗಣತಿಯಂತೆ 2023-24ರಲ್ಲಿ ದೇಶದ ಶಾಲೆಗಳಲ್ಲಿ ನೂರಕ್ಕೆ ಸುಮಾರು 57ರಲ್ಲಿ ಕೆಲಸಮಾಡುವ ಗಣಕವೂ, ಸುಮಾರು 54ರಲ್ಲಿ ಅಂತರ್ಜಾಲವೂ ಇದ್ದುವು. ಈ ಸಂಖ್ಯೆಗಳು ಏರುತ್ತಲೇ ಹೋಗುವುವು. ಏರುವುದರ ವಿಷಯದಲ್ಲಿ ನಮಗೆ ಅಸಮಾಧಾನವಿಲ್ಲ. ನಾವು ಹೊಸತನ್ನು ಕಂಡು ಹೆದರುವವರಲ್ಲ. ಈ ಪತ್ರಿಕೆಯ ಪುಟವೇ ಗಣಕದಲ್ಲಿ ಸಿದ್ಧವಾಗಿ ವಾಚಕರ ಕೈಸೇರುತ್ತಿದೆ. ಆದರೆ ಆರೆಂಟು ವರ್ಷದ ಮಗುವಿನ ಓದು, ಬರಹ, ಲೆಕ್ಕಗಳಿಗೆ ಈ ಸಾಮಗ್ರಿಯಿಂದ ಏನಾಯಿತು ಎಂಬುದನ್ನು ಕೇಳದೆ ಹಣವನ್ನು ಸುರಿಯುವುದು ವಿವೇಕವಲ್ಲ. ಈ ಪ್ರಶ್ನೆಯನ್ನು ಲೋಕದ ಹಲವು ಕಡೆಗಳಲ್ಲಿ ವಿದ್ವಾಂಸರು ಕೇಳಿ, ಪರೀಕ್ಷಿಸಿ, ಉತ್ತರವನ್ನೂ ಪಡೆದಿರುವರು. ಅದನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿರುವೆವು.

ಮೊದಲು ನಮ್ಮ ಸೀಮೆಯ ಹಳೆಯ ಅನುಭವವನ್ನೇ ನೆನೆಯೋಣ. 1975ನೆಯ ಇಸವಿಯ ಆಗಸ್ಟಿನಿಂದ ಒಂದು ವರ್ಷ ಕಾಲ, ಅಮೆರಿಕದವರ ಉಪಗ್ರಹವೊಂದನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವನ್ನು ಮುಟ್ಟಿಸುವ ಮಹಾಪ್ರಯೋಗವು ನಡೆಯಿತು. ಕರ್ನಾಟಕದಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದುವು. ಬೆಳಗಿನ ಹೊತ್ತು ಶಾಲಾಮಕ್ಕಳಿಗಾಗಿಯೇ ಕಾರ್ಯಕ್ರಮಗಳು ಬರುತ್ತಿದ್ದುವು. ವಿದ್ಯುತ್ತನ್ನೇ ಅಪರೂಪವಾಗಿ ಕಂಡಿದ್ದ ಊರುಗಳಲ್ಲಿ ಮಕ್ಕಳು ಕಣ್ಣರಳಿಸಿ ನೋಡಿದರು. 1976ರ ಜುಲೈ ಮುಗಿಯುತ್ತಲೇ ಎರವಲಿನ ಅವಧಿಯು ಮುಗಿದು, ಪಾಠವೂ ನಿಂತಿತು. ಮುಂದೆ 2004ರ ಸೆಪ್ಟೆಂಬರ್ 20ರಂದು ನಮ್ಮವರೇ ವಿದ್ಯಾಭ್ಯಾಸಕ್ಕೆಂದು ‘ಎಜುಸ್ಯಾಟ್’ ಎಂಬ ಉಪಗ್ರಹವನ್ನು ಶ್ರೀಹರಿಕೋಟೆಯಿಂದ ಹಾರಿಸಿದರು. ಅದರ ಮೂಲಕ ಪ್ರಾಥಮಿಕ ಶಾಲೆಗಳಿಗೆ ಪಾಠ ಬಿತ್ತರಿಸುವ ಯೋಜನೆಗೆ ಚಾಮರಾಜನಗರ ಜಿಲ್ಲೆಯು ಕ್ಷೇತ್ರವಾಯಿತು. 2010ರಲ್ಲಿ ಆ ಉಪಗ್ರಹದ ಆಯುಷ್ಯವೂ ತೀರಿತು. ಈ ಪ್ರಯತ್ನಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅವುಗಳ ಹಿಂದಿದ್ದ ದೇಶಾಭಿಮಾನವೂ ಬುದ್ಧಿಶಕ್ತಿಯೂ ಗೌರವಕ್ಕೆ ಪಾತ್ರವಾದುವೇ. ಆದರೆ ಯಂತ್ರದ ಆಯುಷ್ಯವು ಐದಾರು ವರ್ಷ, ಒಂದು ಹಳ್ಳಿಯ ಶಾಲೆಯ ಆಯುಷ್ಯವು ನೂರು ವರ್ಷವೆಂಬುದನ್ನು ಮರೆಯಬಾರದು.

ಇನ್ನು ಪರದೇಶದ ದೊಡ್ಡ ಉದಾಹರಣೆ. ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ನಿಕೊಲಾಸ್ ನೆಗ್ರೊಪಾಂಟೆ ಎಂಬವರು 2005ರಲ್ಲಿ, ಬಡದೇಶಗಳ ಪ್ರತಿಯೊಂದು ಮಗುವಿಗೂ ನೂರು ಡಾಲರಿನ ಒಂದೊಂದು ಲ್ಯಾಪ್‌ಟಾಪನ್ನು ಕೊಡುವ ಯೋಜನೆಯನ್ನು ಸಾರಿದರು. ಬೆಲೆಯು ನೂರು ಡಾಲರಿಗೆ ನಿಲ್ಲದೆ ಸುಮಾರು ಎರಡರಷ್ಟಾಯಿತು. ದಕ್ಷಿಣ ಅಮೆರಿಕದ ಪೆರು ದೇಶವು ಇದನ್ನು ಎಲ್ಲರಿಗಿಂತ ಹೆಚ್ಚಿನ ಉತ್ಸಾಹದಿಂದ ಸ್ವೀಕರಿಸಿ, ಎಂಟು ಲಕ್ಷಕ್ಕೂ ಮೀರಿದ ಯಂತ್ರಗಳನ್ನು ಹಂಚಿತು. ಅಮೆರಿಕಾ ಖಂಡಗಳ ಅಭಿವೃದ್ಧಿ ಬ್ಯಾಂಕಿನವರು ಅಲ್ಲಿಯ 319 ಗ್ರಾಮೀಣ ಪ್ರಾಥಮಿಕ ಶಾಲೆಗಳನ್ನು ಆರಿಸಿ, ಯಂತ್ರ ಪಡೆದ ಶಾಲೆಗಳನ್ನೂ ಪಡೆಯದ ಶಾಲೆಗಳನ್ನೂ ಸುಮಾರು ಹದಿನೈದು ತಿಂಗಳ ಬಳಿಕ ಹೋಲಿಸಿ, 2012ರಲ್ಲಿ ವರದಿಯನ್ನು ಪ್ರಕಟಿಸಿದರು. ಮಕ್ಕಳಿಗೆ ಯಂತ್ರಗಳು ತಲಪಿದ್ದುವು. ಅವರು ಅವುಗಳನ್ನು ಬಳಸಿಯೂ ಬಳಸಿದ್ದರು. ಸಾಮಾನ್ಯ ಬುದ್ಧಿಚಾತುರ್ಯದ ಕೆಲವು ಪರೀಕ್ಷೆಗಳಲ್ಲಿ ಸ್ವಲ್ಪ ಏಳಿಗೆಯೂ ಕಂಡಿತು. ಆದರೆ ಭಾಷೆಯಲ್ಲಾಗಲಿ ಗಣಿತದಲ್ಲಾಗಲಿ ಯಾವ ಪ್ರಗತಿಯೂ ಕಂಡುಬರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೆಂಬ ನಮ್ಮ ಗಾದೆಯು ಪೆರು ದೇಶದವರಿಗೆ ತಿಳಿದಿರಲಾರದು. ಆದರೆ ಅದರ ಅರ್ಥವನ್ನು ಅವರು ಹಣ ತೆತ್ತು ತಿಳಿದುಕೊಂಡರು.

ಹಾಗಾದರೆ ಯಂತ್ರವು ನಿಷ್ಪ್ರಯೋಜಕವೇ? ಹಾಗೆ ಹೇಳುವುದು ಇನ್ನೊಂದು ಬಗೆಯ ಆತುರವಾದೀತು. ನಮ್ಮ ದೇಶದಲ್ಲಿಯೇ ಗುಜರಾತಿನಲ್ಲಿ ನಡೆದ ಎರಡು ಪರೀಕ್ಷೆಗಳನ್ನು ವಾಚಕರು ಗಮನವಿಟ್ಟು ಓದಬೇಕೆಂದು ಕೋರುವೆವು. ಈ ಇಡೀ ವಿಷಯದ ತಿರುಳು ಅಲ್ಲಿಯೇ ಇರುವುದು.

ವಡೋದರಾ ನಗರದ ಪ್ರಾಥಮಿಕ ಶಾಲೆಗಳಿಗೆ ಸರ್ಕಾರದವರು 2000ದ ಸುಮಾರಿಗೆ ನಾಲ್ಕು ನಾಲ್ಕು ಗಣಕಗಳನ್ನು ಕೊಟ್ಟಿದ್ದರು. ಬಳಸಬಲ್ಲವರಿಲ್ಲದೆ ಬಹುಪಾಲು ಯಂತ್ರಗಳು ಬಂದ ಪೆಟ್ಟಿಗೆಗಳಲ್ಲಿಯೇ ಉಳಿದಿದ್ದುವು. ‘ಪ್ರಥಮ್’ ಸಂಸ್ಥೆಯವರು ಅವುಗಳನ್ನು ಹೊರತೆಗೆದು, ನಾಲ್ಕನೆಯ ತರಗತಿಯ ಮಕ್ಕಳಿಗೆ ವಾರಕ್ಕೆ ಎರಡು ಗಂಟೆಯಂತೆ, ಒಂದು ಯಂತ್ರಕ್ಕೆ ಇಬ್ಬರು ಮಕ್ಕಳಂತೆ, ಗಣಿತದ ಆಟಗಳನ್ನು ಆಡಿಸಿದರು. ಮಗುವು ಸರಿಯಾಗಿ ಉತ್ತರಿಸಿದಂತೆಲ್ಲ ಪ್ರಶ್ನೆಯು ಕಠಿಣವಾಗುವಂತೆ ಆ ಆಟಗಳು ರಚಿತವಾಗಿದ್ದುವು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದ ಅರ್ಥಶಾಸ್ತ್ರಜ್ಞರು 2007ರಲ್ಲಿ ಪ್ರಕಟಿಸಿದ ವಿಮರ್ಶೆಯಂತೆ ಮಕ್ಕಳ ಗಣಿತವು ಗಣನೀಯವಾಗಿ ಸುಧಾರಿಸಿತು. ಅದೇ ವಿಮರ್ಶೆಯಲ್ಲಿ ಇನ್ನೊಂದು ಉಪಾಯವನ್ನೂ ತೂಗಿ ನೋಡಿದ್ದರು. ಆಯಾ ಬಡಾವಣೆಯ ಓದಿದ ತರುಣಿಯೊಬ್ಬಳನ್ನು ‘ಬಾಲಸಖಿ’ ಎಂಬ ಹೆಸರಿನಿಂದ ನೇಮಿಸಿ, ಹಿಂದುಳಿದ ಸುಮಾರು ಇಪ್ಪತ್ತು ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ ಅವರಿಗೆ ಬರದುದನ್ನು ಕಲಿಸುವುದೇ ಆ ಉಪಾಯ. ಅದರಿಂದಲೂ ಕಲಿಕೆಯು ಚೆನ್ನಾಗಿ ಏರಿತು. ಖರ್ಚನ್ನು ನೋಡಿದರೆ, ಗಣಕಕ್ಕೆ ಮಗುವೊಂದಕ್ಕೆ ವರ್ಷಕ್ಕೆ ಸುಮಾರು 722 ರೂಪಾಯಿ, ಬಾಲಸಖಿಗೆ ಸುಮಾರು 107 ರೂಪಾಯಿ. ಎರಡರ ಫಲವೂ ಕಾರ್ಯಕ್ರಮವು ನಿಂತ ಒಂದು ವರ್ಷದಲ್ಲಿ ಬಹುಮಟ್ಟಿಗೆ ಸವೆದುಹೋಯಿತೆಂಬುದನ್ನೂ ಹೇಳದಿದ್ದರೆ ಸತ್ಯಕ್ಕೆ ಅಪಚಾರವಾದೀತು. ವಿದ್ಯೆಯು ಒಮ್ಮೆ ಹೂಡಿ ಮರೆಯತಕ್ಕ ಬಂಡವಾಳವಲ್ಲ. ದಿನವೂ ನೀರೆರೆಯಬೇಕಾದ ಗಿಡ.

ಎರಡನೆಯ ಪರೀಕ್ಷೆಯು ಇನ್ನೂ ಬೋಧಪ್ರದವಾದುದು. ಗುಜರಾತಿನ ‘ಜ್ಞಾನಶಾಲಾ’ ಎಂಬ ಸಂಸ್ಥೆಯ ಎರಡನೆಯ ಮತ್ತು ಮೂರನೆಯ ತರಗತಿಗಳಲ್ಲಿ ಲೀ ಲಿಂಡನ್ ಎಂಬ ವಿದ್ವಾಂಸರು ಒಂದೇ ಗಣಕಪಾಠವನ್ನು ಎರಡು ರೀತಿಯಲ್ಲಿ ನಡೆಸಿ ನೋಡಿದರು. ಕೆಲವು ಕಡೆ ಶಾಲೆಯ ವೇಳೆಯಲ್ಲಿ, ಉಪಾಧ್ಯಾಯರ ಪಾಠವನ್ನು ತಪ್ಪಿಸಿ, ಅದರ ಬದಲಿಗೆ ಗಣಕ. ಇನ್ನು ಕೆಲವು ಕಡೆ ಶಾಲೆಯು ಬಿಟ್ಟ ಮೇಲೆ, ಪಾಠದ ಜೊತೆಗೆ ಹೆಚ್ಚಿನದಾಗಿ ಗಣಕ. ಯಂತ್ರವು ಒಂದೇ, ಪಾಠವು ಒಂದೇ. 2008ರಲ್ಲಿ ಬಂದ ಫಲಿತಾಂಶವು ಮಾತ್ರ ಹಗಲು ರಾತ್ರಿಯಷ್ಟು ಬೇರೆ. ಶಾಲೆಯು ಬಿಟ್ಟ ಮೇಲೆ ನಡೆಸಿದಲ್ಲಿ, ಅದರಲ್ಲಿಯೂ ಹಿಂದುಳಿದ ಮಕ್ಕಳಿಗೆ, ಲಾಭವಾಯಿತು. ಪಾಠದ ಬದಲಿಗೆ ನಡೆಸಿದಲ್ಲಿ ಮಕ್ಕಳು ಮೊದಲು ಕಲಿಯುತ್ತಿದ್ದುದಕ್ಕಿಂತಲೂ ಕಡಮೆ ಕಲಿತರು. ಕಾರಣವು ಸ್ಪಷ್ಟವಾದುದೇ. ಆ ಶಾಲೆಗಳ ಉಪಾಧ್ಯಾಯಿನಿಯರು ಕ್ರಮಬದ್ಧವಾಗಿ ಚೆನ್ನಾಗಿಯೇ ಕಲಿಸುತ್ತಿದ್ದರು. ಅವರನ್ನು ಸರಿಸಿ ಯಂತ್ರವನ್ನು ಕೂರಿಸಿದುದು ಹಸುವನ್ನು ಮಾರಿ ಹಾಲಿನ ಚೊಂಬನ್ನು ಕೊಂಡಂತಾಯಿತು. ಮೇಲ್ಕಂಡ ಸಭೆಯಲ್ಲಿ, ಇನ್ನು ಉಪಾಧ್ಯಾಯರ ದಾರಿ ಕಾಯಬೇಕಾಗಿಲ್ಲವೆಂದು ಭಾಷಣ ಮಾಡಿದ ಮಹನೀಯರು ಈ ಒಂದು ಫಲಿತಾಂಶವನ್ನು ಓದಿದ್ದರೆ ಸಾಕಾಗಿತ್ತು.

ದೆಹಲಿಯಲ್ಲಿ ‘ಮೈಂಡ್‌ಸ್ಪಾರ್ಕ್’ ಎಂಬ ಗಣಕಪಾಠದ ಪರೀಕ್ಷೆಯು ನಡೆದು 2019ರಲ್ಲಿ ಪ್ರಕಟವಾಯಿತು. ಅದು ಬಹುಮಟ್ಟಿಗೆ ಮಾಧ್ಯಮಿಕ ತರಗತಿಗಳ ಮಕ್ಕಳಿಗೆ ಸಂಬಂಧಿಸಿದುದು. ಆದರೂ ಪ್ರಾಥಮಿಕದವರಿಗೆ ಅದರಲ್ಲಿ ಪಾಠವಿರುವುದು. ಆರನೆಯ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಯಷ್ಟು ಹಿಂದೆ ಇದ್ದರೆಂದು ಅಲ್ಲಿ ತಿಳಿದುಬಂದಿತು. ಪುಸ್ತಕವು ಆರನೆಯದು, ಮಗುವಿನ ಬುದ್ಧಿಯು ನಿಂತಿರುವುದು ಮೂರನೆಯದರಲ್ಲಿ. ಉಪಾಧ್ಯಾಯರು ಪುಸ್ತಕವನ್ನು ಮುಗಿಸಬೇಕಾದವರು. ಮಗುವನ್ನು ಹಿಂದಕ್ಕೆ ಹೋಗಿ ಕೈಹಿಡಿದು ತರುವವರಾರು? ಯಂತ್ರವು ಪ್ರತಿಯೊಂದು ಮಗುವೂ ಎಲ್ಲಿ ಎಡವಿದೆಯೆಂಬುದನ್ನು ಕಂಡುಹಿಡಿದು, ಅಲ್ಲಿಂದಲೇ ಪ್ರಶ್ನೆಗಳನ್ನು ಕೊಟ್ಟಿತು. ನಾಲ್ಕೂವರೆ ತಿಂಗಳಲ್ಲಿ ಆ ಮಕ್ಕಳ ಪ್ರಗತಿಯು ಉಳಿದವರ ಪ್ರಗತಿಯ ಇಮ್ಮಡಿಗಿಂತ ಕಡಮೆಯಾಗಲಿಲ್ಲ. ಆದರೆ ಇಲ್ಲಿಯೂ ಆ ತರಬೇತಿಯು ಶಾಲೆಯ ವೇಳೆಯ ಹೊರಗೆ ನಡೆದುದು. ತೊಂಬತ್ತು ನಿಮಿಷಗಳಲ್ಲಿ ಅರ್ಧವು ಯಂತ್ರದ ಮುಂದೆ, ಉಳಿದರ್ಧವು ಸಹಾಯಕ ಉಪಾಧ್ಯಾಯರೊಬ್ಬರ ಮುಂದೆ ಚಿಕ್ಕ ಗುಂಪಿನಲ್ಲಿ. ಇಷ್ಟರಿಂದ ಯಂತ್ರದ ನಿಜವಾದ ಶಕ್ತಿಯು ಯಾವುದೆಂದು ವಾಚಕರಿಗೆ ವಿದಿತವಾದೀತು. ಬಣ್ಣದ ಚಿತ್ರವನ್ನು ಕುಣಿಸುವುದು ಅದರ ಶಕ್ತಿಯಲ್ಲ; ಮಗುವನ್ನು ಅದು ಇರುವ ಮೆಟ್ಟಿಲಿನಲ್ಲಿಯೇ ಹುಡುಕಿ ಮಾತನಾಡಿಸುವುದು ಅದರ ಶಕ್ತಿ. ಗೋಡೆಗೆ ನೇತುಹಾಕಿದ ಪರದೆಯು ನಲವತ್ತು ಮಕ್ಕಳಿಗೆ ಒಂದೇ ಚಿತ್ರವನ್ನು ತೋರಿಸುವಾಗ ಆ ಶಕ್ತಿಯು ಎಲ್ಲಿ ಉಳಿಯಿತು?

ಮಗುವನ್ನು ಅದರ ಮೆಟ್ಟಿಲಿನಲ್ಲಿಯೇ ಕಾಣುವ ಉಪಾಯವು ವಿದ್ಯುತ್ತಿಲ್ಲದೆಯೂ ಸಾಧ್ಯವೆಂಬುದನ್ನು ತೋರಿಸಿಕೊಟ್ಟವರು ನಮ್ಮ ಕನ್ನಡ ನಾಡಿನ ಉಪಾಧ್ಯಾಯರೇ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನ ಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ಋಷಿವ್ಯಾಲಿಯ ಪದ್ಧತಿಯನ್ನು ಕಂಡುಬಂದ ಶಿಕ್ಷಕರು, ಯುನಿಸೆಫ್ ನೆರವಿನಿಂದ, ‘ನಲಿ-ಕಲಿ’ಯನ್ನು ಆರಂಭಿಸಿದರು. ಚಿತ್ರದ ಕಾರ್ಡುಗಳು, ಕಲಿಕೆಯ ಏಣಿ, ಗುಂಪುತಟ್ಟೆಗಳು: ಇಷ್ಟೇ ಅದರ ಯಂತ್ರಸಾಮಗ್ರಿ. ಒಂದು ಮಗುವು ಹತ್ತನೆಯ ಮೆಟ್ಟಿಲಿನಲ್ಲಿದ್ದರೆ ಇನ್ನೊಂದು ಇಪ್ಪತ್ತನೆಯದರಲ್ಲಿರಬಹುದು; ಜ್ವರದಿಂದ ವಾರ ತಪ್ಪಿಸಿದ ಮಗುವು ಬಿಟ್ಟಲ್ಲಿಂದಲೇ ಹಿಡಿಯಬಹುದು. 2009-10ರಿಂದ ಇದು ರಾಜ್ಯದ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಿಗೆಲ್ಲ ಹಬ್ಬಿತು. ಹಬ್ಬಿದಂತೆ ಹಲವು ಕಡೆ ಅದರ ಜೀವವು ತೆಳುವಾಗಿ, ಕಾರ್ಡು ಉಳಿದು ಕಲ್ಪನೆಯು ಮಾಯವಾಯಿತೆಂಬ ದೂರನ್ನೂ ನಾವು ಕೇಳಬಲ್ಲೆವು. ಆದರೆ ಆ ದೂರಿನಲ್ಲಿಯೂ ಒಂದು ನೀತಿಯಿದೆ. ರಟ್ಟಿನ ಕಾರ್ಡಾಗಲಿ ಗಾಜಿನ ಪರದೆಯಾಗಲಿ, ಅದನ್ನು ಬಳಸಬಲ್ಲ ಉಪಾಧ್ಯಾಯರಿಲ್ಲದಿದ್ದರೆ ಎರಡೂ ಕನ್ನಡಿಯೊಳಗಿನ ಗಂಟು.

ಮಗುವಿನ ಕೈಯ ವಿಷಯವನ್ನೂ ಇಲ್ಲಿ ಹೇಳಬೇಕು. ನಾವು ಪಾಠಶಾಲೆಯಲ್ಲಿ ಅಕ್ಷರ ಕಲಿತುದು ಮರಳಿನ ಮೇಲೆ ಬೆರಳಿನಿಂದ, ಆಮೇಲೆ ಸ್ಲೇಟಿನ ಮೇಲೆ ಬಳಪದಿಂದ. ಅದು ಬಡತನದ ಲಕ್ಷಣವೆಂದು ಕೆಲವರು ನಗುವರು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ, ಓದು ಬಾರದ ಐದು ವರ್ಷದ ಮಕ್ಕಳಿಗೆ ಅಕ್ಷರಗಳನ್ನು ಕೆಲವನ್ನು ಕೈಯಿಂದ ಬರೆಸಿ, ಕೆಲವನ್ನು ಕೀಲಿಮಣೆಯಲ್ಲಿ ಒತ್ತಿಸಿ, ಬಳಿಕ ಅವರ ಮೆದುಳಿನ ಚಿತ್ರಗಳನ್ನು ತೆಗೆದು ನೋಡಿದರು. ಕೈಯಿಂದ ಬರೆದ ಅಕ್ಷರವನ್ನು ಕಂಡಾಗ, ಓದುವುದಕ್ಕೆ ಬೇಕಾದ ಮೆದುಳಿನ ಭಾಗಗಳು ಎಚ್ಚರಗೊಂಡುವು. ಒತ್ತಿ ಕಲಿತ ಅಕ್ಷರಕ್ಕೆ ಹಾಗಾಗಲಿಲ್ಲ. ಇದು 2012ರಲ್ಲಿ ಪ್ರಕಟವಾದ ಸಣ್ಣ ಪರೀಕ್ಷೆ. ಆದರೆ ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಿಗೇ ಕೈಯ ಅಭ್ಯಾಸವು ಇಷ್ಟು ಸಹಾಯಕವಾದರೆ, ಗುಣಿತ, ಒತ್ತು, ಅರ್ಕಾವತ್ತುಗಳಿಂದ ನೂರಾರು ರೂಪಗಳನ್ನು ತಾಳುವ ನಮ್ಮ ಕನ್ನಡ ಲಿಪಿಗೆ ಅದು ಎಷ್ಟು ಅವಶ್ಯವೆಂಬುದನ್ನು ಊಹಿಸಬಹುದು. ‘ಘ’ಕ್ಕೂ ‘ಫ’ಕ್ಕೂ ಇರುವ ಭೇದವನ್ನು ಕಣ್ಣು ಮರೆತರೂ ಬೆರಳು ಮರೆಯದು. ಓದಿನ ವಿಷಯದಲ್ಲಿಯೂ ಹೀಗೆಯೇ. 2000ದಿಂದ 2017ರವರೆಗೆ ನಡೆದ 54 ಸಂಶೋಧನೆಗಳನ್ನು ಒಟ್ಟುಗೂಡಿಸಿ, ಕಾಗದದ ಮೇಲೆ ಓದಿದವರಿಗೆ ಪರದೆಯ ಮೇಲೆ ಓದಿದವರಿಗಿಂತ ಅರ್ಥವು ಹೆಚ್ಚಾಗಿ ದಕ್ಕುವುದೆಂದು ಪಂಡಿತರು 2018ರಲ್ಲಿ ನಿರ್ಣಯಿಸಿರುವರು. ಸ್ವೀಡನ್ನಿನಂತಹ ಸಂಪನ್ನ ದೇಶವೇ 2023ರಲ್ಲಿ ಎಳೆಯ ಮಕ್ಕಳ ಪರದೆಯ ಪಾಠವನ್ನು ತಗ್ಗಿಸಿ, ಅಚ್ಚಿನ ಪುಸ್ತಕಗಳನ್ನು ಕೊಳ್ಳಲು ಬೊಕ್ಕಸದಿಂದ ಹಣವನ್ನು ತೆಗೆದಿಟ್ಟಿತು. ಪರದೆಯನ್ನು ಮೊದಲೇ ಹೊಂದಿ ಬೇಸತ್ತವರು ಹಿಂದಿರುಗಿ ಬರುತ್ತಿರುವ ದಾರಿಯಲ್ಲಿ ನಾವು ತೋರಣ ಕಟ್ಟಿಕೊಂಡು ಎದುರು ಹೋಗುತ್ತಿರುವೆವು.

ಉಪಾಧ್ಯಾಯರಿಲ್ಲದೆ ಪರದೆಯೊಂದೇ ಉಳಿದರೆ ಏನಾಗುವುದೆಂಬ ಪರೀಕ್ಷೆಯನ್ನು ವಿಧಿಯೇ 2020ರಲ್ಲಿ ನಡೆಸಿತು. ಆ ವರ್ಷದ ಮಾರ್ಚಿನಲ್ಲಿ ಸಾಂಕ್ರಾಮಿಕದ ದೆಸೆಯಿಂದ ಮುಚ್ಚಿದ ಶಾಲೆಗಳು, ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಕರ್ನಾಟಕದಲ್ಲಿ ಮತ್ತೆ ತೆರೆದುದು 2021ರ ಅಕ್ಟೋಬರ್ 25ರಂದು. ಚಂದನ ವಾಹಿನಿಯಲ್ಲಿ ಪಾಠಗಳು ಬಂದುವು, ಆದರೆ ಅವು ಮೊದಲು ಪ್ರೌಢಶಾಲೆಯವರಿಗೆ. ‘ವಿದ್ಯಾಗಮ’ ಎಂಬ ಹೆಸರಿನಿಂದ ಉಪಾಧ್ಯಾಯರು ಗುಡಿಯ ಕಟ್ಟೆ, ಮರದ ನೆರಳುಗಳಿಗೆ ಹೋಗಿ ಕಲಿಸಿದುದು ಸ್ತುತ್ಯವಾದ ಸಾಹಸ. ರೋಗಭಯದಿಂದ ಅದೂ 2020ರ ಅಕ್ಟೋಬರಿನಲ್ಲಿ ನಿಲ್ಲಬೇಕಾಯಿತು. ಉಳಿದುದು ಮನೆಯ ಒಂದೇ ಮೊಬೈಲು. ಅದೂ ತಂದೆಯು ಕೂಲಿಗೆ ಹೊರಟಾಗ ಅವನ ಜೇಬಿನಲ್ಲಿ. ಫಲವೇನಾಯಿತು? ‘ಅಸರ್’ ಸಮೀಕ್ಷೆಯಂತೆ, ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು 2018ರಲ್ಲಿ ನೂರಕ್ಕೆ 20.9 ಇದ್ದುದು 2022ರಲ್ಲಿ 16.3ಕ್ಕೆ ಇಳಿಯಿತು. ಶಾಲೆಗಳು ತೆರೆದು, ಓದು ಲೆಕ್ಕಗಳ ತಳಹದಿಗೇ ಗಮನವಿತ್ತ ಮೇಲೆ 2024ರಲ್ಲಿ ಅದು 23.4ಕ್ಕೆ ಏರಿತು. ಏರಿಕೆಯು ಸಂತೋಷದ ಸಂಗತಿ. ಆದರೆ ನಾಲ್ಕು ಮಕ್ಕಳಲ್ಲಿ ಮೂವರು ಇನ್ನೂ ಓದಲಾರರೆಂಬ ಕಹಿಯನ್ನು ಅದು ಮರೆಸದು.

ಯಂತ್ರವನ್ನು ಯಾರ ಕೈಗೆ ಕೊಡಬೇಕೆಂಬುದಕ್ಕೆ ಆಫ್ರಿಕಾದ ಕೆನ್ಯಾ ದೇಶವು ಒಂದು ಸೂಚನೆಯನ್ನು ಕೊಟ್ಟಿರುವುದು. ಅಲ್ಲಿಯ ಕಿಸುಮು ಸೀಮೆಯ ಪ್ರಾಥಮಿಕ ಶಾಲೆಗಳಲ್ಲಿ ಒಳ್ಳೆಯ ಪುಸ್ತಕ, ಪಾಠಕ್ರಮ, ತರಬೇತಿಗಳನ್ನು ಒದಗಿಸಿ, ಕೆಲವೆಡೆ ಮಕ್ಕಳಿಗೆ, ಕೆಲವೆಡೆ ಉಪಾಧ್ಯಾಯರಿಗೆ, ಕೆಲವೆಡೆ ಶಾಲೆಗಳಿಗೆ ಭೇಟಿಕೊಡುವ ಮಾರ್ಗದರ್ಶಕರಿಗೆ ಯಂತ್ರವನ್ನು ಕೊಟ್ಟು ಹೋಲಿಸಿದರು. ಯಂತ್ರದಿಂದ ಬಂದ ಹೆಚ್ಚಿನ ಫಲವು ಹೇಳಿಕೊಳ್ಳುವಷ್ಟಿರಲಿಲ್ಲ. ಖರ್ಚಿಗೆ ತಕ್ಕ ಪ್ರತಿಫಲವು ಸಿಕ್ಕಿದುದು ಮಾರ್ಗದರ್ಶಕರ ಕೈಯಲ್ಲಿದ್ದ ಯಂತ್ರದಿಂದ. ಅದು ಅವರನ್ನು ಶಾಲೆಯಿಂದ ಶಾಲೆಗೆ ನಡೆಸಿ, ಯಾವ ಮಗುವು ಎಷ್ಟು ಓದಿತೆಂಬ ಲೆಕ್ಕವನ್ನು ಇಡಿಸಿತು. ನಮ್ಮಲ್ಲಿಯೂ ಪ್ರತಿಯೊಂದು ಸಮೂಹಕ್ಕೂ ಸಂಪನ್ಮೂಲ ವ್ಯಕ್ತಿಗಳಿರುವರು. ಅವರು ಅಂಕಿ ಅಂಶಗಳನ್ನು ಮೇಲಕ್ಕೆ ಕಳುಹಿಸುವ ಗುಮಾಸ್ತರಾಗದೆ, ತರಗತಿಯಲ್ಲಿ ಕುಳಿತು ಉಪಾಧ್ಯಾಯರಿಗೆ ನೆರವಾಗುವಂತೆ ಯಂತ್ರವನ್ನು ಬಳಸಬಾರದೇಕೆ?

ಇಷ್ಟೆಲ್ಲವನ್ನೂ ತೂಗಿ ನೋಡಿ, ವಿದ್ಯಾ ಇಲಾಖೆಯ ಅಧಿಕಾರಿಗಳಿಗೂ, ಉದಾರಿಗಳಾದ ದಾನಿಗಳಿಗೂ, ಶಾಲಾಭಿವೃದ್ಧಿ ಸಮಿತಿಗಳವರಿಗೂ ನಮ್ಮ ನಾಲ್ಕು ವಿನಂತಿಗಳನ್ನು ಸಲ್ಲಿಸುವೆವು. ಒಂದನೆಯದಾಗಿ, ಖಾಲಿ ಹುದ್ದೆಯುಳ್ಳ ಶಾಲೆಗೆ ಮೊದಲು ಉಪಾಧ್ಯಾಯರು ಬರಲಿ, ಪರದೆಯು ಅವರ ಹಿಂದೆ ಬರಲಿ. ಎರಡನೆಯದಾಗಿ, ಗಣಕಪಾಠವು ಪಾಠಕ್ಕೆ ಬದಲಾಗದೆ, ಪಾಠದ ಜೊತೆಗೆ, ಹಿಂದುಳಿದ ಮಕ್ಕಳ ಹೆಚ್ಚಿನ ಅಭ್ಯಾಸಕ್ಕೆ ಮೀಸಲಾಗಲಿ. ಮೊದಲ ಮೂರು ತರಗತಿಗಳಲ್ಲಿ ಕೈಬರಹವೂ ಅಚ್ಚಿನ ಪುಸ್ತಕವೂ ಕದಲದಿರಲಿ. ಮೂರನೆಯದಾಗಿ, ಪಾಠವು ಕನ್ನಡದಲ್ಲಿ, ನಮ್ಮ ಹಳ್ಳಿಯ ಮಗುವಿನ ಮಾತು, ಬೆಳೆ, ಸಂತೆ, ಹಬ್ಬಗಳಿಂದ ಎತ್ತಿಕೊಂಡ ಉದಾಹರಣೆಗಳಿಂದ ಕೂಡಿರಲಿ. ಪರಭಾಷೆಯ ಆಟಕ್ಕೆ ಕನ್ನಡದ ದನಿಯನ್ನು ಅಂಟಿಸಿದರೆ ಸಾಲದು. ನಾಲ್ಕನೆಯದಾಗಿ, ಯಂತ್ರವನ್ನು ಕೊಡುವವರು ಅದರ ಬ್ಯಾಟರಿಗೂ, ರಿಪೇರಿಗೂ, ಉಪಾಧ್ಯಾಯರ ತರಬೇತಿಗೂ ಐದು ವರ್ಷದ ಹಣವನ್ನು ಜೊತೆಗೇ ತೆಗೆದಿಡಲಿ. ಕೊಡುವ ಮೊದಲೊಮ್ಮೆ, ಒಂದು ವರ್ಷದ ಬಳಿಕ ಮತ್ತೊಮ್ಮೆ, ಪ್ರತಿಯೊಂದು ಮಗುವಿಗೂ ಒಂದು ಪುಟವನ್ನು ಓದಿಸಿ, ಒಂದು ಕಳೆಯುವ ಲೆಕ್ಕವನ್ನು ಮಾಡಿಸಿ, ಫಲವನ್ನು ಊರಿನವರ ಮುಂದೆ ಸಾರಲಿ. ಇದಕ್ಕೆ ಉಪಗ್ರಹವು ಬೇಕಾಗಿಲ್ಲ. ಒಂದು ಕಾಗದವೂ, ಒಂದು ಪ್ರಾಮಾಣಿಕವಾದ ಮನಸ್ಸೂ ಸಾಕು.

ನಮ್ಮ ವಾಚಕರಲ್ಲಿ ಅನೇಕರು ಈ ಮಾತುಗಳನ್ನು ಓದಿ, ನಮ್ಮ ಮಕ್ಕಳು ಖಾಸಗಿ ಶಾಲೆಯಲ್ಲಿರುವರು, ನಮಗೇಕೆ ಈ ಚಿಂತೆ ಎಂದುಕೊಳ್ಳಬಹುದು. ಆ ಮುಖ್ಯೋಪಾಧ್ಯಾಯಿನಿಯವರ ನಲವತ್ತೆರಡು ಮಕ್ಕಳು ಬೇರೆ ದೇಶದ ಪ್ರಜೆಗಳಲ್ಲ. ಹದಿನೈದು ವರ್ಷಗಳ ಬಳಿಕ ಅವರೇ ಮತದಾರರು, ಅವರೇ ಒಕ್ಕಲಿಗರು, ಕುಶಲಕರ್ಮಿಗಳು, ದಾದಿಯರು. ಅರ್ಜಿಯನ್ನು ಓದಲಾರದ, ತೂಕದ ಲೆಕ್ಕವನ್ನು ಹಾಕಲಾರದ ಪ್ರಜೆಯನ್ನು ಯಾರು ಬೇಕಾದರೂ ವಂಚಿಸಬಹುದು. ಮೊನ್ನೆ ನಾವು ಮತ್ತೆ ಆ ಶಾಲೆಯ ಕಡೆಗೆ ಹೋಗಿದ್ದೆವು. ಪರದೆಯ ಮೇಲೆ ಒಂದು ಬಟ್ಟೆಯನ್ನು ಹೊದಿಸಿದ್ದರು, ಯು.ಪಿ.ಎಸ್. ಕೆಟ್ಟು ಹತ್ತು ದಿನವಾಗಿತ್ತು. ಪಕ್ಕದ ಜಗಲಿಯಲ್ಲಿ ಆ ತಾಯಿಯು ಮೂರನೆಯ ತರಗತಿಯ ಒಂದು ಹೆಣ್ಣುಮಗುವನ್ನು ಮಗ್ಗುಲಲ್ಲಿ ಕೂರಿಸಿಕೊಂಡು, ಅದರ ಬೆರಳನ್ನು ಹಿಡಿದು ಸಾಲಿನ ಮೇಲೆ ನಡೆಸುತ್ತ ಓದಿಸುತ್ತಿದ್ದರು. ಉಳಿದ ನಲವತ್ತೊಂದು ಮಕ್ಕಳು ತಮ್ಮ ಸರದಿಯನ್ನು ಕಾಯುತ್ತಿದ್ದರು. ಅವರಿಗೆ ಮೊದಲು ಬೇಕಾದುದು ಇನ್ನೊಬ್ಬ ಉಪಾಧ್ಯಾಯರು. ಆಮೇಲೆ ಯಂತ್ರವನ್ನು ಕೊಡಿರಿ. ನಾವೂ ಬಂದು ತೋರಣ ಕಟ್ಟುವೆವು.